ಹಳೆ ಕಾರಿಗೆ ‘ಟೋಟಲ್ ಲಾಸ್’ ಅಂದಾಗ: ಐಡಿವಿ, ಗುಜರಿ ಬೆಲೆ ಮತ್ತು ಆರ್‌ಸಿ ಉಳಿಸಿಕೊಳ್ಳುವ ದಾರಿ

ಆಟಿ ತಿಂಗಳ ಒಂದು ರಾತ್ರಿ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನ ಸೋದರಮಾವನ ಅಂಗಳದಲ್ಲಿ ಹಲಸಿನ ಮರದ ದೊಡ್ಡ ಗೆಲ್ಲು ಮುರಿದು ಬಿತ್ತು. ಬಿದ್ದದ್ದು ಅವರ 1978ರ ಅಂಬಾಸಿಡರ್ ಮೇಲೆ. ಬೆಳಿಗ್ಗೆ ನೋಡಿದರೆ ರೂಫ್ ತೊಟ್ಟಿಲಿನ ಹಾಗೆ ತಗ್ಗಿತ್ತು. ಮುಂದಿನ ಗಾಜು ಪುಡಿಪುಡಿ. ಬಾನೆಟ್ ಮತ್ತು ಎಡಗಡೆಯ ಮಡ್‌ಗಾರ್ಡ್ ಮಡಚಿಹೋಗಿದ್ದವು. ಸ್ಟೀರಿಂಗ್ ಮೇಲೆ ಒಂದು ಎಳೆ ಹಲಸಿನಕಾಯಿ ಆರಾಮವಾಗಿ ಕೂತಿತ್ತು.

ಎರಡು ದಿನ ಬಿಟ್ಟು ಸರ್ವೇಯರ್, ಅಂದರೆ ಇನ್ಶೂರೆನ್ಸ್ ಕಂಪೆನಿಯ ಪರವಾಗಿ ಹಾನಿ ಅಂದಾಜು ಮಾಡುವವರು, ಬಂದರು. ಕಾರಿಗೆ ಒಂದು ಸುತ್ತು ಬಂದು, ಬೆರಳ ಗೆಣ್ಣಿನಿಂದ ರೂಫನ್ನು ಟಕ್ ಟಕ್ ಅಂತ ಬಡಿದು, ಮಾವನ ಕಡೆ ತಿರುಗಿ “ಇದ್ ಪೋಯಿ ಚೇಟ್ಟಾ” ಅಂದರು. ಮಲಯಾಳದಲ್ಲಿ, ಹೋಯಿತು ಅಂತ. ಮಾವನಿಗೆ ಸಿಟ್ಟು ಬಂತು. “ಎಂತ ಹೋದದ್ದು? ಇಂಜಿನ್ ಸ್ಟಾರ್ಟ್ ಮಾಡಿ ತೋರಿಸ್ಲಾ?” ಅಂದರು. ಮಾಡಿಯೂ ತೋರಿಸಿದರು. ಗಾಡಿ ಒಂದೇ ಸಲ ಸೆಲ್ಫ್ ಹೊಡೆದದ್ದಕ್ಕೆ ಎದ್ದಿತು.

ಆದರೂ ಇನ್ಶೂರೆನ್ಸ್ ಕಾಗದದಲ್ಲಿ ಅದು ಟೋಟಲ್ ಲಾಸ್, ಅಂದರೆ ರಿಪೇರಿಗೆ ಲಾಯಕ್ಕಿಲ್ಲದೆ ಪೂರ್ತಿ ಹೋದ ಕಾರು ಆಯಿತು. ಓಡುವ ಕಾರು ಗುಜರಿ ಲೆಕ್ಕಕ್ಕೆ ಹೇಗೆ ಹೋಯಿತು ಅಂತ ಹುಡುಕುತ್ತಾ ಹೋದಾಗ ನನಗೆ ಗೊತ್ತಾದದ್ದು ಒಂದೇ. ಅದರ ಹಣೆಬರಹ ನಿರ್ಧಾರವಾದದ್ದು ಗೆಲ್ಲು ಬಿದ್ದ ರಾತ್ರಿ ಅಲ್ಲ. ಅದಕ್ಕೆ ಎಂಟು ತಿಂಗಳ ಹಿಂದೆ, ಪಾಲಿಸಿ ಫಾರಂನಲ್ಲಿ ಒಂದು ಅಂಕಿ ಬರೆದ ದಿನ. ನಿಮ್ಮ ಮನೆಯಲ್ಲಿ ಪದ್ಮಿನಿ, ಹೆರಾಲ್ಡ್, ಕಾಂಟೆಸ್ಸಾ, ಹಳೆ ಜೀಪು ಏನೇ ಇರಲಿ, ಈ ಕೆಳಗಿನದನ್ನು ಮಳೆಗಾಲಕ್ಕೆ ಮೊದಲೇ ಓದಿಡಿ.

ಮೊದಲು ಒಂದು ಗೊಂದಲ

ಯೂಟ್ಯೂಬ್‌ನಲ್ಲಿ ಹಳೆ ಕಾರಿನ ವಿಡಿಯೋ ನೋಡುವವರಿಗೆಲ್ಲ ‘ಸಾಲ್ವೇಜ್ ಟೈಟಲ್’ ಅನ್ನೋ ಮಾತು ಗೊತ್ತಿರುತ್ತದೆ. ಅದು ಅಮೆರಿಕದ ವ್ಯವಸ್ಥೆ. ಅಲ್ಲಿ ಇನ್ಶೂರೆನ್ಸ್ ಕಂಪೆನಿ ಟೋಟಲ್ ಲಾಸ್ ಅಂತ ಹಣ ಕೊಟ್ಟ ಕಾರಿನ ಮಾಲೀಕತ್ವದ ಪತ್ರದ ಮೇಲೆಯೇ ‘ಸಾಲ್ವೇಜ್’ ಅಂತ ಮುದ್ರೆ ಬೀಳುತ್ತದೆ. ರಿಪೇರಿ ಮಾಡಿ ತಪಾಸಣೆಗೆ ಒಪ್ಪಿಸಿದರೆ ಅದು ‘ರೀಬಿಲ್ಟ್’ ಆಗಬಹುದು, ಆದರೆ ಮೊದಲಿನ ಹಾಗೆ ಶುದ್ಧ ಆಗುವುದಿಲ್ಲ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಬ್ರಿಟನ್‌ನಲ್ಲಿ 2017ರ ಅಕ್ಟೋಬರ್‌ನಿಂದ ಎ, ಬಿ, ಎಸ್, ಎನ್ ಅಂತ ನಾಲ್ಕು ವರ್ಗ. ಎ ಮತ್ತು ಬಿ ಆದರೆ ಆ ಕಾರು ಮತ್ತೆ ರಸ್ತೆಗೆ ಬರುವ ಹಾಗಿಲ್ಲ. ಎಸ್ ಅಂದರೆ ಕಾರಿನ ಚೌಕಟ್ಟಿಗೇ ಪೆಟ್ಟು, ಎನ್ ಅಂದರೆ ಚೌಕಟ್ಟು ಸರಿ ಇದೆ. ಈ ಎರಡನ್ನು ರಿಪೇರಿ ಮಾಡಿ ಓಡಿಸಬಹುದು.

ನಮ್ಮಲ್ಲಿ ಇಂಥ ಮುದ್ರೆ ಇಲ್ಲ. ಟೋಟಲ್ ಲಾಸ್ ಆದ ಕಾರಿನ ಆರ್‌ಸಿಗೂ ಆಗದ ಕಾರಿನ ಆರ್‌ಸಿಗೂ ನೋಡಲಿಕ್ಕೆ ಏನೂ ವ್ಯತ್ಯಾಸ ಇರುವುದಿಲ್ಲ. ಇದು ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಒಳ್ಳೆಯದು ಏಕೆಂದರೆ ನೀವು ಕಾರನ್ನು ಉಳಿಸಿಕೊಂಡು ರಿಪೇರಿ ಮಾಡಿಸಿದರೆ ಅದಕ್ಕೆ ಕಳಂಕ ಅಂಟುವುದಿಲ್ಲ. ಕೆಟ್ಟದ್ದು ಏಕೆ ಅನ್ನುವುದು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಗೊತ್ತಾಗುತ್ತದೆ, ಅಲ್ಲಿಗೆ ಆಮೇಲೆ ಬರುತ್ತೇನೆ.

ಹೆಜ್ಜೆ 1: ಐಡಿವಿ ಅಂಕಿಯನ್ನು ನೀವೇ ಹಾಕಿಸಿ

ಐಡಿವಿ (ಇನ್ಶೂರ್ಡ್ ಡಿಕ್ಲೇರ್ಡ್ ವ್ಯಾಲ್ಯೂ) ಅಂದರೆ ಕಾರು ಪೂರ್ತಿ ಹೋದರೆ ಕಂಪೆನಿ ಕೊಡುವ ಗರಿಷ್ಠ ಮೊತ್ತ. ಹೊಸ ಕಾರಿಗೆ ಇದಕ್ಕೆ ಕೋಷ್ಟಕ ಇದೆ: ಆರು ತಿಂಗಳೊಳಗೆ ಶೇ. 5 ಕಡಿತ, ಹಾಗೇ ಏರುತ್ತಾ ಹೋಗಿ ನಾಲ್ಕರಿಂದ ಐದು ವರ್ಷಕ್ಕೆ ಶೇ. 50. ಐದು ವರ್ಷ ದಾಟಿದ ಮೇಲೆ, ಉತ್ಪಾದನೆ ನಿಂತ ಮಾಡೆಲ್‌ಗಳಿಗೂ ಸೇರಿ, ಕೋಷ್ಟಕ ಇಲ್ಲ. ಕಂಪೆನಿ ಮತ್ತು ಮಾಲೀಕ ಒಪ್ಪಿಕೊಂಡ ಮೊತ್ತವೇ ಐಡಿವಿ.

‘ಒಪ್ಪಿಕೊಂಡ’ ಅನ್ನುವ ಪದವನ್ನು ಇನ್ನೊಮ್ಮೆ ಓದಿ. ಹೆಚ್ಚಿನವರು ಒಪ್ಪಿಕೊಳ್ಳುವುದೂ ಇಲ್ಲ, ಬಿಡುವುದೂ ಇಲ್ಲ. ಏಜೆಂಟ್ ಏನು ಹಾಕುತ್ತಾನೋ ಅದು. ಪ್ರೀಮಿಯಂ ಕಮ್ಮಿ ಬಂದರೆ ಗಿರಾಕಿ ಖುಷಿ ಅಂತ ಅವನೂ ಕಡಿಮೆ ಹಾಕುತ್ತಾನೆ. ಮಾವನ ಕಾರಿಗೆ ಹಾಕಿದ್ದು 60 ಸಾವಿರ. ಮಾವ ಅದನ್ನು ಓದಿಯೇ ಇರಲಿಲ್ಲ. ಅದೇ ಕಾರನ್ನು ಕುಂಬಳೆಯ ಒಬ್ಬರು ಒಂದೂವರೆ ಲಕ್ಷಕ್ಕೆ ಕೇಳಿದ್ದರು, ಇವರು ಕೊಟ್ಟಿರಲಿಲ್ಲ.

ಹಾಗಾಗಿ ಪಾಲಿಸಿ ನವೀಕರಿಸುವ ಒಂದು ತಿಂಗಳ ಮೊದಲು ಕಾರಿನ ಫೈಲ್ ಮಾಡಿ. ಒಳಗೆ, ಹೊರಗೆ, ಕೆಳಗೆ, ಇಂಜಿನ್ ಬೇ, ಚಾಸಿ ನಂಬರು ಎಲ್ಲದರ ಫೋಟೋ ಇರಲಿ. ಟಿಂಕರಿಂಗ್, ಪೇಂಟಿಂಗ್, ಅಪ್‌ಹೋಲ್‌ಸ್ಟರಿಗೆ ಮಾಡಿದ ಖರ್ಚಿನ ಬಿಲ್ ಇರಲಿ. ಅಂಥದೇ ಕಾರು ಮಾರಾಟಕ್ಕಿರುವ ಎರಡು ಮೂರು ಜಾಹೀರಾತು ತೆಗೆದಿಡಿ. ಲೈಸೆನ್ಸ್ ಇರುವ ಸರ್ವೇಯರ್ ಒಬ್ಬರಿಂದ ಮೌಲ್ಯಮಾಪನ ವರದಿ ಮಾಡಿಸಿದರೆ ಇನ್ನೂ ಒಳ್ಳೆಯದು. ಇದನ್ನೆಲ್ಲ ಕಂಪೆನಿಗೆ ಕೊಟ್ಟು ‘ನನ್ನ ಕಾರಿನ ಐಡಿವಿ ಇಷ್ಟು ಆಗಬೇಕು’ ಅಂತ ಇಮೇಲ್‌ನಲ್ಲಿ ಕೇಳಿ. ಒಂದು ಕಂಪೆನಿ ಒಪ್ಪದಿದ್ದರೆ ಇನ್ನೊಂದು. ಆನ್‌ಲೈನ್ ಪೋರ್ಟಲ್‌ನಲ್ಲಿ ಈ ಕೆಲಸ ಆಗುವುದಿಲ್ಲ, ಅಲ್ಲಿ ಅಂಕಿ ಒಂದು ಮಿತಿಗಿಂತ ಮೇಲೆ ಹೋಗುವುದೇ ಇಲ್ಲ. ಶಾಖೆಗೇ ಹೋಗಬೇಕು.

ಇದಕ್ಕಿಷ್ಟು ಕಷ್ಟಪಡುವುದು ಏಕೆ ಅಂದರೆ, ಪಾಲಿಸಿಯಲ್ಲಿಯೇ ಒಂದು ಸಾಲು ಇದೆ: ಟೋಟಲ್ ಲಾಸ್ ಕ್ಲೈಮ್‌ಗೆ ಐಡಿವಿಯನ್ನೇ ಪಾಲಿಸಿ ಅವಧಿಯುದ್ದಕ್ಕೂ ಮಾರುಕಟ್ಟೆ ಬೆಲೆ ಅಂತ ಹಿಡಿಯಬೇಕು, ಮತ್ತೆ ಕಡಿತ ಮಾಡುವ ಹಾಗಿಲ್ಲ. ಅಂದರೆ ಅಂಕಿಯನ್ನು ಒಪ್ಪಿ ಪಾಲಿಸಿ ಕೊಟ್ಟ ಮೇಲೆ ‘ಇಷ್ಟು ಹಳೆ ಕಾರಿಗೆ ಅಷ್ಟೆಲ್ಲ ಬೆಲೆ ಎಲ್ಲಿದೆ’ ಅನ್ನುವ ಮಾತಿಗೆ ಜಾಗ ಇಲ್ಲ.

‘ಅಗ್ರೀಡ್ ವ್ಯಾಲ್ಯೂ’ ಪಾಲಿಸಿ ಅಂತ ಬೇರೆಯೇ ಒಂದು ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಇದೆ, ಆದರೆ ಗಾಡಿ ಇನ್ಶೂರೆನ್ಸಿನ ದರ, ನಿಯಮಗಳಿರುವ ಮೋಟಾರ್ ಟ್ಯಾರಿಫ್ ಪುಸ್ತಕದಲ್ಲಿ ಅದು ವಿಂಟೇಜ್ ಕಾರುಗಳಿಗೆ ಮಾತ್ರ. ಅಲ್ಲಿ ವಿಂಟೇಜ್ ಅಂದರೆ 1940ರ ಡಿಸೆಂಬರ್ 31ಕ್ಕಿಂತ ಮೊದಲು ತಯಾರಾಗಿ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಇರುವ ಕಾರು. ಅಂಬಾಸಿಡರ್ ಹುಟ್ಟಿದ್ದೇ 1957ರಲ್ಲಿ. ನಮಗೆ ಅದು ಸಿಗುವುದಿಲ್ಲ, ಬಿಡಿ.

ಇನ್ನು, ಬರೀ ಥರ್ಡ್ ಪಾರ್ಟಿ (ಬೇರೆಯವರಿಗಾದ ಹಾನಿಗೆ ಮಾತ್ರ ಕೊಡುವ ಪಾಲಿಸಿ) ಮಾಡಿಸಿ ಕೂತವರಿಗೆ ಈ ಲೇಖನದ ಮುಂದಿನ ಅರ್ಧ ಉಪಯೋಗಕ್ಕೇ ಬರುವುದಿಲ್ಲ. ಮರ ಬಿದ್ದರೆ, ಹೊಳೆ ನೀರು ಹೊಕ್ಕರೆ ಅವರಿಗೆ ಒಂದು ರೂಪಾಯಿ ಬರುವುದಿಲ್ಲ.

ಹೆಜ್ಜೆ 2: ಆರ್‌ಸಿ ಜೀವಂತ ಇದೆಯಾ ನೋಡಿ

ಖಾಸಗಿ ಕಾರಿನ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಶೆಡ್ಡಿನಲ್ಲಿ ನಿಂತ ಕಾರುಗಳಲ್ಲಿ ಇದು ಮರೆತೇ ಹೋಗಿರುತ್ತದೆ. ನೋಂದಣಿ ಇಲ್ಲದ ಕಾರನ್ನು ರಸ್ತೆಯಲ್ಲಿ ಓಡಿಸುವುದೇ ಪಾಲಿಸಿ ಷರತ್ತಿನ ಉಲ್ಲಂಘನೆ. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದಿದ್ದ ಒಂದು ಗಾಡಿ ಕಳವಾದಾಗ, ಕಂಪೆನಿ ಹಣ ಕೊಡಬೇಕಾಗಿಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹತ್ತು ವರ್ಷ ಪ್ರೀಮಿಯಂ ಕಟ್ಟಿ, ಒಂದು ಮುದ್ರೆಗಾಗಿ ಎಲ್ಲ ಕಳೆದುಕೊಳ್ಳಬೇಡಿ.

ನಮ್ಮ ಗಡಿ ಊರುಗಳಿಗೆ ಇನ್ನೊಂದು ಸಮಸ್ಯೆ ಇದೆ. ಕಾರು ಮಂಗಳೂರಿನದು, ಕೆಎ 19 ಅಥವಾ ಪುತ್ತೂರಿನ ಕೆಎ 21. ನಿಂತಿರುವುದು ಮಂಜೇಶ್ವರದಲ್ಲೋ ಪೆರ್ಲದಲ್ಲೋ. ಹನ್ನೆರಡು ತಿಂಗಳಿಗಿಂತ ಜಾಸ್ತಿ ಇನ್ನೊಂದು ರಾಜ್ಯದಲ್ಲಿ ಇಟ್ಟರೆ ಅಲ್ಲಿಯ ನಂಬರು ಮಾಡಿಸಬೇಕು ಅಂತ ಕಾನೂನು. ತಲಪಾಡಿ ದಾಟಿ ದಿನಾ ಹೋಗಿ ಬರುವವರು ಇದನ್ನು ಕೇಳಿ ನಗುತ್ತಾರೆ. ನಗಲಿ, ಆದರೆ ಕ್ಲೈಮ್ ಬಂದ ದಿನ ಪಾಲಿಸಿಯಲ್ಲಿ ಒಂದು ವಿಳಾಸ, ಆರ್‌ಸಿಯಲ್ಲಿ ಇನ್ನೊಂದು ವಿಳಾಸ ಇದ್ದರೆ ಪ್ರಶ್ನೆ ಶುರುವಾಗುತ್ತದೆ. ತೀರಿಹೋದ ಅಪ್ಪನ ಹೆಸರಲ್ಲೇ ಆರ್‌ಸಿ ಉಳಿದಿದ್ದರೆ ಅದನ್ನೂ ಈಗಲೇ ಸರಿ ಮಾಡಿಸಿ.

ಹೆಜ್ಜೆ 3: ಪೆಟ್ಟು ಬಿದ್ದ ದಿನ

ಮೊದಲು ಫೋಟೋ. ಗೆಲ್ಲು ಕಾರಿನ ಮೇಲೆ ಇರುವಾಗಲೇ ತೆಗೆಯಿರಿ, ಎತ್ತಿದ ಮೇಲೆ ಅಲ್ಲ. ಆಮೇಲೆ ಕಂಪೆನಿಗೆ ತಿಳಿಸಿ ಕ್ಲೈಮ್ ನಂಬರು ತೆಗೆದುಕೊಳ್ಳಿ. ಸರ್ವೇಯರ್ ನೋಡುವ ಮೊದಲು ಏನನ್ನೂ ಬಿಚ್ಚಬೇಡಿ, ಗಾಜಿನ ಚೂರನ್ನೂ ಗುಡಿಸಬೇಡಿ. ಟಾರ್ಪಾಲ್ ಹೊದೆಸಿ ಮಳೆ ನೀರು ಒಳಗೆ ಹೋಗದಂತೆ ಮಾಡಿ. ಅದು ನಿಮ್ಮ ಕರ್ತವ್ಯ ಕೂಡ. ಮಾಡದಿದ್ದರೆ ಹೆಚ್ಚಾದ ಹಾನಿ ನಿಮ್ಮ ತಲೆಗೇ. ಗಾಡಿ ಎಳೆಸಲಿಕ್ಕೆ ಸಾಮಾನ್ಯ ಪಾಲಿಸಿಯಲ್ಲಿ ಸಿಗುವುದು 1,500 ರೂಪಾಯಿ ಮಾತ್ರ, ಅಷ್ಟರಲ್ಲಿ ಕಾಸರಗೋಡು ಪೇಟೆಗೆ ಎಳೆಸಿದರೆ ನಿಮ್ಮ ಪುಣ್ಯ.

ನೀರು ಹೊಕ್ಕಿದ್ದರೆ ಸ್ಟಾರ್ಟ್ ಮಾಡಲೇ ಬೇಡಿ. ಬ್ಯಾಟರಿ ಟರ್ಮಿನಲ್ ಕಳಚಿ ಬಿಡಿ. ಮಾವ ಸರ್ವೇಯರ್ ಎದುರು ಸೆಲ್ಫ್ ಹೊಡೆದದ್ದು ಮರ ಬಿದ್ದ ಕೇಸ್ ಆದ್ದರಿಂದ ನಡೆಯಿತು. ಮಧುವಾಹಿನಿ ಹೊಳೆಯ ನೀರು ಶೆಡ್ಡಿಗೆ ಬಂದಾಗ ಹಾಗೆ ಮಾಡಿದ್ದರೆ ಇಂಜಿನ್ ಒಳಗಿನ ಕನೆಕ್ಟಿಂಗ್ ರಾಡ್ ಬಗ್ಗಿ, ಆ ಖರ್ಚು ಬರುವುದಿಲ್ಲ ಅನ್ನುತ್ತಿದ್ದರು.

ನೆರೆಯ ವಿಷಯದಲ್ಲಿ ಹಳೆ ಕಾರಿನವರು ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕು. ಹೊಸ ಕಾರಿನಲ್ಲಿ ಡ್ಯಾಶ್‌ಬೋರ್ಡ್‌ವರೆಗೆ ನೀರು ಬಂದರೆ ಹತ್ತಾರು ಕಂಟ್ರೋಲ್ ಯೂನಿಟ್ ಹಾಳು, ಅದನ್ನು ಟೋಟಲ್ ಲಾಸ್ ಅನ್ನುವುದರಲ್ಲಿ ಅರ್ಥ ಇದೆ. ಪದ್ಮಿನಿಯಲ್ಲಿ ಏನುಂಟು? ಒಂದು ಕಾರ್ಬುರೇಟರ್, ಒಂದು ಡಿಸ್ಟ್ರಿಬ್ಯೂಟರ್, ಒಂದು ಹಿಡಿ ವೈರು. ಬಿಚ್ಚಿ ಒಣಗಿಸಿ, ಆಯಿಲ್ ಬದಲಿಸಿ, ಬ್ರೇಕ್ ಡ್ರಮ್ ತೊಳೆದರೆ ಓಡುತ್ತದೆ. ನೀರಿನ ಮಟ್ಟ ನೋಡಿ ತೀರ್ಪು ಕೊಡುವ ಅಭ್ಯಾಸ ಇಲ್ಲಿ ಸಲ್ಲದು ಅಂತ ಮೆಕ್ಯಾನಿಕ್ ಕೈಯಿಂದ ಎಸ್ಟಿಮೇಟ್ ಜೊತೆ ಒಂದು ಟಿಪ್ಪಣಿ ಬರೆಸಿ ಕೊಡಿ.

ಹೆಜ್ಜೆ 4: ಶೇ. 75ರ ಗೆರೆ

ಕಾರನ್ನು ತರಿಸಿ ರಿಪೇರಿ ಮಾಡುವ ಒಟ್ಟು ಖರ್ಚು ಐಡಿವಿಯ ಶೇ. 75 ದಾಟಿದರೆ ಅದು ‘ಕನ್‌ಸ್ಟ್ರಕ್ಟಿವ್ ಟೋಟಲ್ ಲಾಸ್’. ಇಲ್ಲಿ ಒಂದು ಸೂಕ್ಷ್ಮ ಇದೆ. ಖರ್ಚು ಅಂದರೆ ಗ್ಯಾರೇಜಿನವರು ಬರೆದ ಪೂರ್ತಿ ಎಸ್ಟಿಮೇಟ್ ಅಲ್ಲ. ಪಾಲಿಸಿಯ ನಿಯಮಗಳಿಗೆ ಒಳಪಟ್ಟು ಬರುವ ಖರ್ಚು, ಅಂದರೆ ಕಡಿತಗಳೆಲ್ಲ ಹೋಗಿ ಕಂಪೆನಿ ಕೊಡಬೇಕಾದ ಮೊತ್ತ. ಹಳೆ ಕಾರಿನಲ್ಲಿ ಈ ಎರಡರ ನಡುವೆ ಅಂತರ ದೊಡ್ಡದು.

ಮಾವನ ಕಾರಿನ ಎಸ್ಟಿಮೇಟ್ ಹೀಗಿತ್ತು. ಟಿಂಕರಿಂಗ್ ಕೂಲಿ 36 ಸಾವಿರ. ಗಾಜು 6 ಸಾವಿರ. ರಬ್ಬರ್ ಬೀಡಿಂಗ್ 4 ಸಾವಿರ. ಬಾನೆಟ್, ಮಡ್‌ಗಾರ್ಡ್, ಒಂದು ಬಾಗಿಲು ಸೇರಿ ಲೋಹದ ಭಾಗ 24 ಸಾವಿರ. ಪೇಂಟಿಂಗ್ 20 ಸಾವಿರ. ಒಟ್ಟು 90 ಸಾವಿರ.

ಈಗ ಕಡಿತ, ಅಂದರೆ ಭಾಗಗಳ ಸವಕಳಿಗೆ ಅಂತ ಕಂಪೆನಿ ಕಳೆಯುವುದು. ಕೂಲಿಗೆ ಇಲ್ಲ. ಗಾಜಿಗೂ ಇಲ್ಲ. ರಬ್ಬರ್, ಪ್ಲಾಸ್ಟಿಕ್, ಟೈರ್, ಬ್ಯಾಟರಿಗೆ ಯಾವ ವಯಸ್ಸಿನ ಕಾರಾದರೂ ಶೇ. 50. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೂ ಶೇ. 50. ಪೇಂಟಿಂಗ್ ಬಿಲ್‌ನಲ್ಲಿ ಸಾಮಗ್ರಿಯನ್ನು ಬೇರೆ ತೋರಿಸದಿದ್ದರೆ ಬಿಲ್‌ನ ಶೇ. 25ನ್ನು ಸಾಮಗ್ರಿ ಅಂತ ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ. ಹೀಗೆ ರಬ್ಬರಿನಲ್ಲಿ 2 ಸಾವಿರ, ಲೋಹದಲ್ಲಿ 12 ಸಾವಿರ, ಪೇಂಟಿಂಗ್‌ನಲ್ಲಿ ಎರಡೂವರೆ ಸಾವಿರ ಹೋಗಿ ಉಳಿದದ್ದು 73,500. ಕ್ಲೈಮಿನಲ್ಲಿ ಮಾಲೀಕರೇ ಭರಿಸಬೇಕಾದ ಕಡ್ಡಾಯ ಕಡಿತ 1,000. ಕೊನೆಗೆ 72,500.

ಐಡಿವಿ 60 ಸಾವಿರ, ಅದರ ಶೇ. 75 ಅಂದರೆ 45 ಸಾವಿರ. 72,500 ಅದನ್ನು ದಾಟಿ ಎಷ್ಟೋ ಮುಂದೆ ಹೋಗಿತ್ತು. ಸರ್ವೇಯರ್ ತಪ್ಪು ಮಾಡಿರಲಿಲ್ಲ ಮಾರಾಯ್ರೆ, ಲೆಕ್ಕವೇ ಹಾಗಿತ್ತು.

ಐಡಿವಿ ಒಂದೂವರೆ ಲಕ್ಷ ಇದ್ದಿದ್ದರೆ? ಗೆರೆ 1,12,500ಕ್ಕೆ ಹೋಗುತ್ತಿತ್ತು. ಅದೇ ಗೆಲ್ಲು, ಅದೇ ರೂಫ್, ಆದರೆ ರಿಪೇರಿ ಕ್ಲೈಮ್. ಮಾವನ ಜೇಬಿನಿಂದ 17,500 ರೂಪಾಯಿ ಹೋಗುತ್ತಿತ್ತು. ಹೆಚ್ಚಿನ 90 ಸಾವಿರ ಐಡಿವಿಗೆ ಹಳೆ ಟ್ಯಾರಿಫ್ ದರದಲ್ಲಿ, ಅಂದರೆ ನೂರಕ್ಕೆ ಮೂರೂವರೆಯ ಆಸುಪಾಸಿನಲ್ಲಿ, ವರ್ಷಕ್ಕೆ ಮೂರು ಸಾವಿರ ಚಿಲ್ಲರೆ ಮತ್ತು ಜಿಎಸ್‌ಟಿ ಬೀಳುತ್ತಿತ್ತು. 2007ರಿಂದ ಈ ದರವನ್ನು ಕಂಪೆನಿಗಳೇ ಇಟ್ಟುಕೊಳ್ಳುವುದರಿಂದ ಅದರಲ್ಲೂ ರಿಯಾಯಿತಿ ಸಿಗುತ್ತದೆ.

ಟೋಟಲ್ ಲಾಸ್ ಆಗುವುದು ಬೇಡ ಅಂತಿದ್ದರೆ ಎಸ್ಟಿಮೇಟನ್ನೇ ಇನ್ನೊಮ್ಮೆ ನೋಡಿ. ದೊಡ್ಡ ಗ್ಯಾರೇಜಿನವರು ರೂಫ್ ಕತ್ತರಿಸಿ ಬೇರೆ ಹಾಕುವ ಲೆಕ್ಕ ಬರೆಯುತ್ತಾರೆ. ಹಳೆ ಟಿಂಕರ್ ಒಳಗಿನಿಂದ ಮರದ ಕೊಡತಿಯಲ್ಲಿ ಬಡಿದು ಎಬ್ಬಿಸುತ್ತೇನೆ ಅನ್ನುತ್ತಾನೆ. ಅಂಬಾಸಿಡರಿನ ತಗಡು ದಪ್ಪ, ಅದು ಬಡಿತಕ್ಕೆ ಬಗ್ಗುತ್ತದೆ. ಎರಡನೇ ಎಸ್ಟಿಮೇಟ್ ಕೊಡುವುದಕ್ಕೆ ಅಡ್ಡಿ ಇಲ್ಲ. ಗೆರೆಯ ಹತ್ತಿರ ಹತ್ತಿರ ಇರುವ ಕೇಸುಗಳಲ್ಲಿ ಅದೇ ಕಾರನ್ನು ಉಳಿಸುತ್ತದೆ.

ಹೆಜ್ಜೆ 5: ಗಾಡಿ ಕೊಡುವುದೋ, ಇಟ್ಟುಕೊಳ್ಳುವುದೋ

ಟೋಟಲ್ ಲಾಸ್ ಖಚಿತ ಆದ ಮೇಲೆ ಎರಡು ದಾರಿ. ಗಾಡಿಯನ್ನು ಕಂಪೆನಿಗೆ ಒಪ್ಪಿಸಿ ಐಡಿವಿಯಿಂದ ಕಡ್ಡಾಯ ಕಡಿತ ಕಳೆದು ಉಳಿದದ್ದು ತೆಗೆದುಕೊಳ್ಳುವುದು. ಅಥವಾ ಗಾಡಿ ನೀವೇ ಇಟ್ಟುಕೊಂಡು, ಅದರ ಗುಜರಿ ಬೆಲೆಯನ್ನೂ ಕಳೆದು ಹಣ ತೆಗೆದುಕೊಳ್ಳುವುದು. ಎರಡನೆಯದಕ್ಕೆ ಆಫೀಸಿನ ಭಾಷೆಯಲ್ಲಿ ‘ನೆಟ್ ಆಫ್ ಸಾಲ್ವೇಜ್’ ಅನ್ನುತ್ತಾರೆ. ಇದು ನಿಮಗೆ ಬೇಕು ಅಂತಿದ್ದರೆ ಬಾಯಿಮಾತಲ್ಲಿ ಹೇಳಿ ಸುಮ್ನೆ ಕೂರಬೇಡಿ, ಸರ್ವೇ ಆದ ದಿನವೇ ಬರಹದಲ್ಲಿ ಕೊಡಿ.

ಜಗ್ಗಾಟ ಶುರುವಾಗುವುದು ಗುಜರಿ ಬೆಲೆಯಲ್ಲಿ. ಸರ್ವೇಯರ್ ಗುಜರಿಯವರಿಂದ ಕೊಟೇಷನ್ ತರಿಸುತ್ತಾರೆ. ಆರ್‌ಸಿ ಸಹಿತ ಎಷ್ಟು, ಆರ್‌ಸಿ ಇಲ್ಲದೆ ಎಷ್ಟು ಅಂತ ಎರಡು ಬೆಲೆ ಇರುತ್ತದೆ. ಹಳೆ ಕಾರಿನ ದೌರ್ಭಾಗ್ಯ ನೋಡಿ: ಅಪರೂಪದ ಕಾರಾದಷ್ಟೂ ಗುಜರಿ ಬೆಲೆ ಜಾಸ್ತಿ, ಅಷ್ಟೂ ನಿಮ್ಮ ಕೈಗೆ ಬರುವುದು ಕಮ್ಮಿ. ಐಡಿವಿ ಹಾಕುವಾಗ ‘ಹಳೇ ಡಬ್ಬಾ’, ಗುಜರಿ ಕಟ್ಟುವಾಗ ‘ಕ್ಲಾಸಿಕ್’. ಮಾವನ ಗಾಡಿಗೆ ಮೊದಲು 35 ಸಾವಿರ ಅಂದರು. ನಾವು ಕಾಸರಗೋಡು ಮತ್ತು ಉಪ್ಪಳದ ಇಬ್ಬರು ಗುಜರಿಯವರಿಂದ ಸಹಿ ಮಾಡಿದ ಕೊಟೇಷನ್ ತಂದು ಕೊಟ್ಟೆವು. 25ಕ್ಕೆ ಇಳಿಯಿತು. 60 ಸಾವಿರದಲ್ಲಿ ಸಾವಿರ ಹೋಗಿ, 25 ಹೋಗಿ, ಕೈಗೆ ಬಂದದ್ದು 34 ಸಾವಿರ. ರಿಪೇರಿಗೆ ಖರ್ಚಾದದ್ದು 90. ಜೇಬಿನಿಂದ 56 ಸಾವಿರ.

ಒಪ್ಪಿಸುವುದೇ ಆದರೆ ಆರ್‌ಸಿ ವಿಷಯದಲ್ಲಿ ಬಹಳ ಹುಷಾರಾಗಿರಿ. ಗುಜರಿಯವನು ಬಂದು ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿ ಕೊಡಿ ಸಾರ್ ಅನ್ನುತ್ತಾನೆ. ಕೊಡಬೇಡಿ. ಹೆಸರು ವರ್ಗಾವಣೆ ಆಗುವವರೆಗೆ ಆರ್‌ಸಿಯಲ್ಲಿ ಹೆಸರಿದ್ದವರೇ ಮಾಲೀಕರು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟ ಮಾಡಿದೆ. ಆ ನಂಬರಿನ ಗಾಡಿ ಎಲ್ಲೋ ಅಪಘಾತ ಮಾಡಿದರೆ ನೋಟಿಸ್ ನಿಮ್ಮ ಮನೆಗೆ. ಗುಜರಿ ಗಾಡಿಯ ಚಾಸಿ ನಂಬರನ್ನು ಕದ್ದ ಗಾಡಿಗೆ ಕೂರಿಸಿ ಮಾರುವ ದಂಧೆಯೂ ಹಳೆಯದೇ.

ಗಾಡಿ ನಿಜವಾಗಿಯೂ ಮುಗಿದಿದ್ದರೆ, ಅಂದರೆ ಮತ್ತೆ ಓಡುವ ಸ್ಥಿತಿ ಇಲ್ಲದಿದ್ದರೆ, ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ರದ್ದಾದ ಪತ್ರವನ್ನು ಜೋಪಾನವಾಗಿಡಿ. ಉಳಿಸಿಕೊಳ್ಳುವವರು ಮಾತ್ರ ತದ್ವಿರುದ್ಧ ಮಾಡಬೇಕು: ಆರ್‌ಸಿ ರದ್ದತಿಗೆ ಒಪ್ಪಿಗೆ ಅಂತ ಇರುವ ಯಾವ ಕಾಗದಕ್ಕೂ ಓದದೆ ಸಹಿ ಹಾಕಬಾರದು. ಕ್ಲೈಮ್ ಕಾಗದಗಳ ಕಟ್ಟಿನಲ್ಲಿ ಅಂಥದೊಂದು ಹಾಳೆ ಸೇರಿಕೊಂಡಿರುವುದುಂಟು. ಮಾವನ ಕಟ್ಟಿನಲ್ಲಿತ್ತು. ಅದನ್ನು ಅಡ್ಡಗೆರೆ ಹೊಡೆದು ವಾಪಸ್ ಕೊಟ್ಟೆವು, ಯಾರೂ ಏನೂ ಕೇಳಲಿಲ್ಲ.

ಹೆಜ್ಜೆ 6: ರಿಪೇರಿ ಮಾಡಿಸುವಾಗ 50 ವರ್ಷದ ನಿಯಮ ನೆನಪಿರಲಿ

2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಬೇರೆಯೇ ನೋಂದಣಿ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿಗಳಿಗೆ ‘ವಿಎ’ ಅಕ್ಷರ ಇರುವ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಹತ್ತು ವರ್ಷ ಮಾನ್ಯ. ಇನ್ಶೂರೆನ್ಸಿನವರ ‘ವಿಂಟೇಜ್’ಗೂ ಇದಕ್ಕೂ ಸಂಬಂಧ ಇಲ್ಲ, ಗಮನಿಸಿ.

ಷರತ್ತು ಏನೆಂದರೆ ಚಾಸಿ, ಬಾಡಿ ಶೆಲ್ ಅಥವಾ ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಟೋಟಲ್ ಲಾಸ್ ಆದ ಕಾರಿಗೆ ಇದೇ ಮುಳ್ಳು. ಅಂಬಾಸಿಡರ್, ಪದ್ಮಿನಿಗಳಲ್ಲಿ ಬೇರೆ ಚಾಸಿ ಅಂತ ಇಲ್ಲ, ಬಾಡಿಯೇ ಚಾಸಿ. ‘ಬೇರೊಂದು ಅಂಬಾಸಿಡರಿನ ಶೆಲ್ ಸಿಗ್ತದೆ, ಇಂಜಿನ್ ಅದಕ್ಕೆ ಎತ್ತಿ ಕೂರಿಸುವ’ ಅಂತ ಗ್ಯಾರೇಜಿನವರು ಹೇಳಿದರೆ ಕೈಮುಗಿಯಿರಿ. ಶೆಲ್ ಬದಲಾದರೆ ಚಾಸಿ ನಂಬರೇ ಬದಲಾಯಿತು, ನಿಮ್ಮ ಆರ್‌ಸಿ ಯಾವ ಕಾರಿನದು ಅನ್ನುವ ಪ್ರಶ್ನೆ ಬರುತ್ತದೆ. ಡೀಸೆಲ್ ಇಂಜಿನ್ ಕೂರಿಸುವ ಆಸೆ ಇದ್ದರೆ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು, ಮತ್ತು ವಿಎ ನಂಬರಿನ ಆಸೆ ಬಿಡಬೇಕು. ಹೆರಾಲ್ಡ್ ಮತ್ತು ಜೀಪುಗಳಿಗೆ ಚಾಸಿ ಬೇರೆ ಇರುವುದರಿಂದ ಬಾಡಿ ಎತ್ತಿ ಕೆಲಸ ಮಾಡುವುದು ಸುಲಭ. ನಿಯಮ ಮಾತ್ರ ಎಲ್ಲರಿಗೂ ಒಂದೇ.

ಮಾವನ ಕಾರಿಗೆ 2028ರಲ್ಲಿ 50 ತುಂಬುತ್ತದೆ. ಅದಕ್ಕೇ ರೂಫನ್ನು ಕತ್ತರಿಸಲು ಬಿಡದೆ ಕೊಡತಿಯಲ್ಲೇ ಎಬ್ಬಿಸಿದ್ದು. ಹನ್ನೊಂದು ದಿನ ಹಿಡಿಯಿತು. ಕೆಲಸದ ಪ್ರತಿ ಹಂತದ ಫೋಟೋ ಮತ್ತು ಬಿಲ್ ಇಟ್ಟಿದ್ದೇವೆ, ಮುಂದೆ ಯಾರಾದರೂ ಕೇಳಿದರೆ ಶೆಲ್ ಅದೇ ಅಂತ ತೋರಿಸಲಿಕ್ಕೆ. ಆದರೆ ವಿಎ ಮಾಡಿಸುವುದಕ್ಕೆ ಮಾವನಿಗೆ ಮನಸ್ಸಿಲ್ಲ. ಆ ನಂಬರಿನ ಗಾಡಿಯನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ಮತ್ತು ರಿಪೇರಿಗೆ ಮಾತ್ರ ರಸ್ತೆಗೆ ಇಳಿಸಬಹುದು. “ಹಾಗಾದ್ರೆ ಬದಿಯಡ್ಕಕ್ಕೆ ಮೀನಿಗೆ ಹೋಗುದು ಹೇಗೆ?” ಅಂತ ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ.

ಇನ್ನೊಬ್ಬರ ಟೋಟಲ್ ಲಾಸ್ ನಿಮ್ಮ ಅಂಗಳಕ್ಕೆ ಬಾರದಿರಲಿ

ಆರ್‌ಸಿಯಲ್ಲಿ ಮುದ್ರೆ ಇಲ್ಲ ಅಂದೆನಲ್ಲ, ಅದರ ಕೆಟ್ಟ ಮುಖ ಇದು. ಒಂದು ರಾಜ್ಯದ ನೆರೆಯಲ್ಲಿ ಮುಳುಗಿದ ಕಾರು ಇನ್ನೊಂದು ರಾಜ್ಯಕ್ಕೆ ಹೊಳೆಯುವ ಬಣ್ಣದಲ್ಲಿ ಬರುತ್ತದೆ. ಗಡಿಯಲ್ಲಿ ಬದುಕುವ ನಮಗೆ ಅಂಥ ಕಾರು ಸಿಗುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು.

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರು ಹಾಕಿ ಆರ್‌ಸಿ ಸ್ಥಿತಿ ನೋಡುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಉಪಯೋಗದ್ದು, ಮಾರುವವರಿಂದ ಹಿಂದಿನ ಮೂರು ವರ್ಷದ ಪಾಲಿಸಿ ಕೇಳುವುದು. ಅದರಲ್ಲಿ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ನೂರಕ್ಕೆ ಎಷ್ಟು ಅಂತ ನೋಡಿ. ಕ್ಲೈಮ್ ಇಲ್ಲದಿದ್ದರೆ ಅದು 20, 25, 35, 45, 50 ಅಂತ ವರ್ಷ ವರ್ಷ ಏರುತ್ತದೆ. 50 ಇದ್ದದ್ದು ಮರುವರ್ಷ ಸೊನ್ನೆ ಆಗಿದ್ದರೆ ಏನೋ ಆಗಿದೆ. ಏನಾಯಿತು ಅಂತ ನೇರವಾಗಿ ಕೇಳಿ. ಕಂಪ್ರೆಹೆನ್ಸಿವ್ (ಸ್ವಂತ ಕಾರಿನ ಹಾನಿಗೂ ಕೊಡುವಂಥದ್ದು) ಇದ್ದ ಪಾಲಿಸಿ ವರ್ಷದ ನಡುವೆಯೇ ನಿಂತು, ಆಮೇಲೆ ಬರೀ ಥರ್ಡ್ ಪಾರ್ಟಿ ಆಗಿದ್ದರೆ ಅದೂ ಒಂದು ಸುಳಿವು.

ಆಮೇಲೆ ಕಾರು. ಚಾಸಿ ನಂಬರಿನ ಸುತ್ತ ಬೆಸುಗೆಯ ಗುರುತು ಇದೆಯಾ, ಅಕ್ಷರಗಳು ಒಂದೇ ಆಳದಲ್ಲಿವೆಯಾ ಬೆರಳಾಡಿಸಿ ನೋಡಿ. ಕಾರ್ಪೆಟ್ ಎತ್ತಿ ಮೂಸಿ, ಹೊಳೆ ಕೆಸರಿನ ವಾಸನೆ ಅಷ್ಟು ಬೇಗ ಹೋಗುವುದಿಲ್ಲ. ಸೀಟಿನ ಅಡಿಯ ಸ್ಪ್ರಿಂಗ್ ಮತ್ತು ಡ್ಯಾಶ್ ಹಿಂದಿನ ಸ್ಕ್ರೂ ತುಕ್ಕು ಹಿಡಿದಿದ್ದರೆ ನೀರು ಒಳಗೆ ಬಂದಿದೆ. ಒಂದು ಆಯಸ್ಕಾಂತ ಜೇಬಿನಲ್ಲಿಡಿ. ತಗ್ಗು ಮುಚ್ಚಲಿಕ್ಕೆ ಪುಟ್ಟಿ ದಪ್ಪಕ್ಕೆ ಮೆತ್ತಿದ ಕಡೆ ಅದು ಹಿಡಿಯುವುದಿಲ್ಲ.

ತಕರಾರು ಎಲ್ಲಿ ಕೊಡುವುದು

ಸರ್ವೇ ವರದಿಯ ಪ್ರತಿ ಕೇಳಿ ಪಡೆಯಿರಿ. ಅದು ಕೈಯಲ್ಲಿಲ್ಲದೆ ವಾದ ಮಾಡುವುದು ಕಣ್ಣು ಕಟ್ಟಿ ಕಲ್ಲೆಸೆದ ಹಾಗೆ. ‘ಪೂರ್ಣ ಮತ್ತು ಅಂತಿಮ’ ಅಂತ ಬರೆದ ಡಿಸ್ಚಾರ್ಜ್ ವೋಚರಿಗೆ ಮೊತ್ತ ಒಪ್ಪಿಗೆಯಾಗದೆ ಸಹಿ ಹಾಕಬೇಡಿ. ಮೊದಲು ಕಂಪೆನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ಇನ್ಶೂರೆನ್ಸ್ ದೂರು ತೀರ್ಮಾನಿಸುವ ಅಧಿಕಾರಿ, ಇನ್ಶೂರೆನ್ಸ್ ಓಂಬುಡ್ಸ್‌ಮನ್, ಇದ್ದಾರೆ. ವಕೀಲರು ಬೇಡ, ಶುಲ್ಕ ಇಲ್ಲ, ಒಂದು ವರ್ಷದೊಳಗೆ ಹೋಗಬೇಕು. ಕೇರಳಕ್ಕೆ ಕೊಚ್ಚಿ ಕಚೇರಿ. ಆದರೆ ನಿಮ್ಮ ಮನೆ ಇರುವ ಜಾಗ ಅಥವಾ ಕಂಪೆನಿಯ ಶಾಖೆ ಇರುವ ಜಾಗ, ಎರಡರಲ್ಲಿ ಯಾವುದರ ಓಂಬುಡ್ಸ್‌ಮನ್ ಬಳಿಗಾದರೂ ಹೋಗಬಹುದು. ಪಾಲಿಸಿ ಮಂಗಳೂರು ಶಾಖೆಯದಾದರೆ ಬೆಂಗಳೂರಿನ ಕಚೇರಿಗೆ ಕನ್ನಡದಲ್ಲೇ ಬರೆದು ಕಳಿಸಿ. ಅಲ್ಲೂ ಬೇಡ ಅಂದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ ಇದೆ, ಅಲ್ಲಿಗೆ ಎರಡು ವರ್ಷದ ಅವಕಾಶ. ಎರಡೂ ಕಡೆ ಒಟ್ಟಿಗೆ ಹೋಗುವ ಹಾಗಿಲ್ಲ.

ಟೋಟಲ್ ಲಾಸ್ ಹಣ ಬಂದ ದಿನಕ್ಕೆ ಆ ಪಾಲಿಸಿ ಮುಗಿಯಿತು ಅನ್ನುವುದು ಕೊನೆಯ ಸಂಗತಿ. ರಿಪೇರಿಯಾದ ಕಾರನ್ನು ಗ್ಯಾರೇಜಿನಿಂದ ಹೊರಗೆ ತರುವ ಮೊದಲು ಹೊಸ ಪಾಲಿಸಿ ಬೇಕು, ಅದಕ್ಕೆ ಕಂಪೆನಿಯವರ ತಪಾಸಣೆ ಆಗಬೇಕು. ಮಾವನ ಕಾರನ್ನು ಎರಡು ಕಂಪೆನಿಗಳು ಬೇಡ ಅಂದವು, ಮೂರನೆಯದು ಒಪ್ಪಿತು. ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರಿನಲ್ಲಿ ಐಡಿವಿ 70 ಸಾವಿರ ಅಂತ ಟೈಪ್ ಮಾಡುವಾಗ ಮಾವ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ರಿಪೇರಿ ಬಿಲ್‌ಗಳ ಫೈಲನ್ನು ಮೇಜಿನ ಮೇಲಿಟ್ಟು, “ಅದು ಅಳಿಸಿ ಮಗಾ, ಇದು ನೋಡಿ ಹಾಕುವ” ಅಂದರು. ಒಂದು ಗಂಟೆ ಮಾತಾಗಿ 1,60,000ಕ್ಕೆ ಒಪ್ಪಿಗೆಯಾಯಿತು. ಹಲಸಿನ ಮರದ ಉಳಿದ ಗೆಲ್ಲುಗಳನ್ನು ಮರುದಿನವೇ ಕಡಿಸಿದರು.